ಚಿತ್ರ ಹಳೆಯದು, ಕಾಗದ ಯಾವ ಕಾಲದ್ದು?



ನಿಮ್ಮ ಮನೆಯ ಟ್ರಂಕಿನಲ್ಲೋ ಹಳೆಯ ಆಲ್ಬಮ್ಮಿನಲ್ಲೋ ಅಜ್ಜನದೊಂದು ಕಪ್ಪು-ಬಿಳುಪು ಫೋಟೋ ಇದ್ದೇ ಇರುತ್ತದೆ. ಕೋಟು, ಪೇಟ, ಪಕ್ಕದಲ್ಲಿ ಸ್ಟುಡಿಯೋದವರ ಹೂದಾನಿ. ‘ಇದು 1935ರ ಫೋಟೋ’ ಎಂದು ಮನೆಯಲ್ಲಿ ಹೇಳುತ್ತಾರೆ. ಅಜ್ಜ ಕ್ಯಾಮೆರಾ ಮುಂದೆ ನಿಂತದ್ದು 1935ರಲ್ಲೇ ಇರಬಹುದು. ಆದರೆ ನಿಮ್ಮ ಕೈಯಲ್ಲಿರುವ ಕಾಗದ? ನೆಗೆಟಿವ್ ಇದ್ದರೆ ಇಪ್ಪತ್ತು ವರ್ಷ ಬಿಟ್ಟು ಇನ್ನೊಂದು ಪ್ರಿಂಟ್ ಹಾಕಿಸಬಹುದಲ್ಲವೇ?

ಮನೆಯ ಮಟ್ಟಿಗೆ ಇದರಿಂದ ನಷ್ಟವೇನಿಲ್ಲ. ಹಳೆಯ ಫೋಟೋ ಕೊಂಡು ಮಾರುವವರಿಗೆ ಮಾತ್ರ ಇದು ದೊಡ್ಡ ಪ್ರಶ್ನೆ. ಚಿತ್ರ ತೆಗೆದ ಹೊಸತರಲ್ಲೇ ಛಾಯಾಗ್ರಾಹಕ ತಾನೇ ಹಾಕಿದ, ಇಲ್ಲವೇ ತನ್ನ ಕಣ್ಣೆದುರಿಗೆ ಹಾಕಿಸಿದ ಪ್ರತಿಗೆ ಅವರು ‘ವಿಂಟೇಜ್ ಪ್ರಿಂಟ್’ ಎನ್ನುತ್ತಾರೆ. ಅದೇ ನೆಗೆಟಿವ್‌ನಿಂದ ಮುಂದೆ ಹಾಕಿದ ಪ್ರತಿಗೆ ಅಷ್ಟು ಬೆಲೆಯಿಲ್ಲ. ನೋಡಲು ಎರಡೂ ಒಂದೇ!

ಇದರಿಂದಾದ ಒಂದು ರಾದ್ಧಾಂತದ ಕಥೆ ಕೇಳಿ. ಅಮೆರಿಕದ ಲೂಯಿಸ್ ಹೈನ್ (1874-1940) ಹೆಸರು ಕೇಳಿರಬಹುದು. ಗಿರಣಿ, ಗಣಿಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳ ಚಿತ್ರ ತೆಗೆದು ಜಗತ್ತಿಗೆ ತೋರಿಸಿದವರು. ಉಗಿಯಂತ್ರದ ಮುಂದೆ ಬಾಗಿ ಸ್ಪ್ಯಾನರ್ ತಿರುಗಿಸುವ ಕೆಲಸಗಾರನ 1920ರ ಚಿತ್ರವೂ ಅವರದೇ. ಇಷ್ಟೆಲ್ಲ ಮಾಡಿದ ಮನುಷ್ಯ ತೀರಿಕೊಂಡದ್ದು ಬಡತನದಲ್ಲಿ.

ಹೈನ್ ತೀರಿದ ಮೇಲೆ ಅವರ ಪ್ರಿಂಟು, ನೆಗೆಟಿವ್‌ಗಳನ್ನು ಮಗ ನ್ಯೂಯಾರ್ಕಿನ ‘ಫೋಟೋ ಲೀಗ್’ ಎಂಬ ಛಾಯಾಗ್ರಾಹಕರ ಸಂಘಕ್ಕೆ ಕೊಟ್ಟರು. 1951ರಲ್ಲಿ ಸಂಘ ಮುಚ್ಚಿತು. 1955ರಲ್ಲಿ ಆ ಸಂಗ್ರಹ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಎಂಬ ಮ್ಯೂಸಿಯಮ್ ಸೇರಿತು. ನಂತರದ ವರ್ಷಗಳಲ್ಲಿ ಹೈನ್ ಸಹಿಯಿರುವ ಪ್ರಿಂಟುಗಳು ಮಾರುಕಟ್ಟೆಗೆ ಬಂದವು. ಮಾರಿದವರು ಹೈನ್ ಅವರನ್ನು ಬಲ್ಲವರು, ಆ ಸಂಘದಲ್ಲೇ ಇದ್ದವರು. ಅಂಥವರ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ?

ಅನುಮಾನ ಬಂದದ್ದು 1990ರ ದಶಕದ ಕೊನೆಗೆ, ಮೈಕಲ್ ಮ್ಯಾಟಿಸ್ ಎಂಬ ಸಂಗ್ರಾಹಕರಿಗೆ. ವೃತ್ತಿಯಲ್ಲಿ ಅವರು ಭೌತವಿಜ್ಞಾನಿ. ಇಷ್ಟು ಅಪರೂಪದ ಪ್ರಿಂಟುಗಳು ಇಷ್ಟೊಂದು ಸಂಖ್ಯೆಯಲ್ಲಿ ಸಿಗುವುದಾದರೂ ಹೇಗೆ? ಉತ್ತರ ಹುಡುಕಿದವರಲ್ಲಿ ಬಾಸ್ಟನ್‌ನ ಸಂರಕ್ಷಣಾ ತಜ್ಞ ಪಾಲ್ ಮೆಸ್ಸಿಯರ್ ಮುಖ್ಯರು. ಅವರ ಒಂದು ಆಯುಧ ಅತಿನೇರಳೆ ದೀಪ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ.

ಅದರ ಗುಟ್ಟು ನಮ್ಮ ಅಮ್ಮಂದಿರಿಗೂ ಗೊತ್ತು. ಬಿಳಿ ಬಟ್ಟೆಗೆ ಟಿನೋಪಾಲ್ ಹಾಕುತ್ತಿದ್ದರು, ನೆನಪಿದೆಯೇ? ಆ ಬಗೆಯ ಪುಡಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಸೂಸುತ್ತದೆ. ಬಟ್ಟೆ ಬೆಳ್ಳಗೆ ಕಾಣುತ್ತದೆ. 1950ರ ದಶಕದಿಂದ ಫೋಟೋ ಕಾಗದ ಮಾಡುವವರೂ ಇಂಥ ರಾಸಾಯನಿಕ ಬಳಸತೊಡಗಿದರು. ಅಂಥ ಕಾಗದ ಅತಿನೇರಳೆ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಹೈನ್ ಅವರದೆನ್ನಲಾದ ಹಲವು ಪ್ರಿಂಟುಗಳು ಹಾಗೇ ಹೊಳೆದವು. 1940ರಲ್ಲಿ ತೀರಿಕೊಂಡವರು 1950ರ ದಶಕದ ಕಾಗದದ ಮೇಲೆ ಪ್ರಿಂಟ್ ಹಾಕುವುದು ಹೇಗೆ ಸಾಧ್ಯ? ಸೂಕ್ಷ್ಮದರ್ಶಕದಲ್ಲಿ ಕಾಗದದ ನಾರನ್ನೂ ನೋಡಿದರು. ಹತ್ತಿ ಚಿಂದಿಯ ನಾರೋ, ಮರದ ತಿರುಳೋ ಎಂಬುದೂ ಕಾಗದದ ಕಾಲ ಹೇಳುತ್ತದೆ. ಕೊನೆಗೆ ಪ್ರಕರಣ ವ್ಯಾಪಾರಿಗಳೊಂದಿಗೆ ರಾಜಿಯಲ್ಲಿ ಮುಗಿಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ಹೊಳೆಯುವ ಕಾಗದ ಹೊಸದು ಎನ್ನಬಹುದು, ಹೊಳೆಯದ್ದೆಲ್ಲ ಹಳೆಯದು ಎನ್ನುವಂತಿಲ್ಲ. 1950ರ ನಂತರದ ಎಲ್ಲ ಕಾಗದದಲ್ಲೂ ಈ ರಾಸಾಯನಿಕ ಇರುತ್ತಿರಲಿಲ್ಲ. ಆದ್ದರಿಂದಲೇ ಎರಡು ಸಾಕ್ಷಿ ಬೇಕು: ಕಾಗದ ಹೇಳುವುದೊಂದು, ಆ ಪ್ರಿಂಟ್ ಯಾರ ಕೈಯಿಂದ ಯಾರ ಕೈಗೆ ಬಂತೆಂಬುದು ಇನ್ನೊಂದು. ಹೈನ್ ಪ್ರಕರಣದಲ್ಲಿ ಎರಡನೆಯದನ್ನಷ್ಟೇ ನಂಬಿ ಜನ ಮೋಸಹೋದರು.

ಈಗ ನಿಮ್ಮ ಅಜ್ಜನ ಫೋಟೋಗೆ ಬರೋಣ. ಧಾರವಾಡದಿಂದ ದಾದರಿಗೋ, ಮಂಗಳೂರಿನಿಂದ ಪುಣೆಗೋ ಬಂದಿರುವ ಆ ಫೋಟೋದ ಕಾಗದಕ್ಕೆ ಪರೀಕ್ಷೆ ಬೇಕಾಗಿಲ್ಲ. ಅದರ ಕೈಬದಲಿನ ಕಥೆ ಮಾತ್ರ ಬರೆದಿಡಬೇಕು, ಏಕೆಂದರೆ ಅದು ಬಲ್ಲವರ ಜೊತೆಗೇ ಹೋಗಿಬಿಡುತ್ತದೆ. ಫೋಟೋದಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದದ್ದು, ಯಾರ ಮನೆಯಿಂದ ನಿಮಗೆ ಬಂತು, ಯಾವಾಗ - ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಫೋಟೋದ ಹಿಂಬದಿಯಲ್ಲೇ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ ಬೇಡ. ಸ್ಟುಡಿಯೋ ಮೊಹರಿದ್ದರೆ ಅದರ ಮೇಲೆ ಅಂಟು ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಸ್ಕ್ಯಾನ್ ಮಾಡಿಸಿದಿರೆಂದು ಮೂಲವನ್ನು ಎಸೆಯಲೂಬೇಡಿ. ಸ್ಕ್ಯಾನಿನಲ್ಲಿ ಚಿತ್ರ ಬರುತ್ತದೆ, ಕಾಗದ ಬರುವುದಿಲ್ಲ.

ಊರಿನಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಫೋನ್ ಮಾಡಿ ಕೇಳಿ.