ತಟ್ಟೆಯ ಚಿತ್ರ, ತಂತಿಯ ಚಿತ್ರ

ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿಕೊಂಡಿರುವ ಪೀಣ್ಯದಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನೊಳಕ್ಕೆ ಒತ್ತುವ ಮೋಲ್ಡಿಂಗ್ ಯಂತ್ರಗಳೂ, ಲೋಹಕ್ಕೆ ನಿಕ್ಕಲ್ ಲೇಪವನ್ನು ಕೊಡುವ ಪ್ಲೇಟಿಂಗ್ ತೊಟ್ಟಿಗಳೂ, ಮೈಕ್ರಾನುಗಳ ಲೆಕ್ಕದಲ್ಲಿ ಡೈ ಕೊರೆಯುವ ಕುಶಲಿಗಳೂ ಇರುವಂತೆಯೇ, ಪೂರ್ವದ ವೈಟ್‌ಫೀಲ್ಡಿನಲ್ಲಿಯೂ, ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು 332 ಎಕರೆ ನೆಲದಲ್ಲಿ ಆರಂಭಿಸಿದ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ, ಕೈಗೆ ಸಿಗದ ಸಂಕೇತಗಳನ್ನು ಪೋಣಿಸಿ ತಂತ್ರಾಂಶವನ್ನು ನಿರ್ಮಿಸುವ ಸಹಸ್ರಾರು ಮಂದಿ ಇದ್ದಾರೆ. ಮನೆಯಲ್ಲಿ ಕುಳಿತು ಚಲಚ್ಚಿತ್ರವನ್ನು ನೋಡುವುದಕ್ಕೆ ಇಂದು ಇರುವ ಎರಡು ಮುಖ್ಯ ಮಾರ್ಗಗಳಲ್ಲಿ, ಡಿ.ವಿ.ಡಿ., ಬ್ಲೂ-ರೇಗಳಂತಹ ತಟ್ಟೆಯ ಮಾರ್ಗವು ಪೀಣ್ಯದವರ ಕಸುಬಿಗೆ ಹತ್ತಿರವಾದದ್ದು, ಅಂತರ್ಜಾಲದ ಮೂಲಕ ಚಿತ್ರ ತರುವ ಓ.ಟಿ.ಟಿ.ಯ ಮಾರ್ಗವು ವೈಟ್‌ಫೀಲ್ಡಿನವರ ವಿದ್ಯೆಗೆ ಹತ್ತಿರವಾದದ್ದು. ಎರಡರ ಒಳಗುಟ್ಟನ್ನೂ ಅರಿತಲ್ಲದೆ ಯಾವುದು ಮೇಲೆಂದು ಹೇಳಹೊರಡುವುದು ಉಚಿತವಲ್ಲ.

ಡಿ.ವಿ.ಡಿ.ಯಾಗಲಿ ಬ್ಲೂ-ರೇ ಆಗಲಿ, 1982ರಲ್ಲಿ ಮಾರುಕಟ್ಟೆಗೆ ಬಂದ ಸಂಗೀತದ ಸಿ.ಡಿ.ಯ ಸಂತತಿಯೇ ಸರಿ: ಅದೇ 12 ಸೆಂಟಿಮೀಟರ್ ವ್ಯಾಸ, ಅದೇ 1.2 ಮಿಲಿಮೀಟರ್ ದಪ್ಪ, ಅದೇ ಪಾಲಿಕಾರ್ಬೊನೇಟೆಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಮೈ. ಮೊದಲು ಗಾಜಿನ ಫಲಕದ ಮೇಲೆ ಲೇಸರ್ ಕಿರಣದಿಂದ ಅತಿ ಸೂಕ್ಷ್ಮವಾದ ಗುಳಿಗಳನ್ನು ಮೂಡಿಸಿ, ಅದರ ಮೇಲೆ ವಿದ್ಯುಲ್ಲೇಪನದಿಂದ ನಿಕ್ಕಲನ್ನು ಬೆಳೆಸಿ ಬಿಡಿಸಿಕೊಂಡರೆ ಸ್ಟ್ಯಾಂಪರ್ ಎಂಬ ಅಚ್ಚು ದೊರೆಯುತ್ತದೆ. ಆ ಅಚ್ಚಿಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ, ಹೊರಬಂದ ತಟ್ಟೆಗೆ ಅಲ್ಯೂಮಿನಿಯಮ್ಮಿನ ತೆಳುಪೊರೆಯನ್ನು ಹೊದಿಸಿ, ಮೇಲೊಂದು ರಕ್ಷಣೆಯ ಲೇಪವನ್ನು ಕೊಡುವುದರೊಡನೆ ಸಿ.ಡಿ. ಸಿದ್ಧವಾಗುತ್ತದೆ. ಗುಳಿಗಳ ಸಾಲು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ, ಒಂದು ಸಿ.ಡಿ.ಯ ಸುರುಳಿಯನ್ನು ಬಿಚ್ಚಿ ನೇರವಾಗಿ ಹಾಸುವುದು ಸಾಧ್ಯವಿದ್ದಲ್ಲಿ ಅದು ಐದು ಕಿಲೋಮೀಟರಿಗೂ ಮಿಗಿಲಾಗುವುದು. ಮುಂದಿನ ತಲೆಮಾರುಗಳ ಹೆಚ್ಚುಗಾರಿಕೆಯೆಲ್ಲವೂ ಬೆಳಕಿನ ಅಲೆಯನ್ನು ಕಿರಿದು ಮಾಡಿದುದರಲ್ಲಿ ಅಡಗಿದೆ. ಸಿ.ಡಿ.ಯನ್ನು ಓದುವ ಕಿರಣದ ತರಂಗಾಂತರ 780 ನ್ಯಾನೋಮೀಟರ್, ಡಿ.ವಿ.ಡಿ.ಯದು 650, ಬ್ಲೂ-ರೇಯದು 405. ಕಿರಣವು ಸೂಕ್ಷ್ಮವಾದಷ್ಟೂ ಸಾಲುಗಳನ್ನು ಒತ್ತೊತ್ತಾಗಿ ಬರೆಯಬಹುದಾದುದರಿಂದ ಸಾಲುಗಳ ನಡುವಣ ಅಂತರವು 1.6 ಮೈಕ್ರಾನಿನಿಂದ 0.74ಕ್ಕೂ, ಅಲ್ಲಿಂದ 0.32ಕ್ಕೂ ಇಳಿಯಿತು, ಒಂದು ಪದರದ ಧಾರಣಶಕ್ತಿಯು 700 ಮೆಗಾಬೈಟಿನಿಂದ 4.7 ಗಿಗಾಬೈಟಿಗೂ, ಅಲ್ಲಿಂದ 25 ಗಿಗಾಬೈಟಿಗೂ ಏರಿತು.

ತಟ್ಟೆಯ ಮೇಲೆ ಸಣ್ಣಪುಟ್ಟ ಗೀರು ಬಿದ್ದರೂ ಚಿತ್ರ ಓಡುತ್ತದೆಯಲ್ಲವೆ, ಅದಕ್ಕೆ ಕಾರಣ ಪ್ಲಾಸ್ಟಿಕ್ಕಿನ ಗಟ್ಟಿತನವಲ್ಲ, ಗಣಿತದ ಗಟ್ಟಿತನ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಇಬ್ಬರು ಗಣಿತಜ್ಞರು ರೂಪಿಸಿದ ದೋಷಪರಿಹಾರದ ಸೂತ್ರವನ್ನು ಅನುಸರಿಸಿ ಪ್ರತಿಯೊಂದು ಮಾಹಿತಿಯ ಜೊತೆಗೂ ಸ್ವಲ್ಪ ಹೆಚ್ಚುವರಿ ಸಂಕೇತವನ್ನು ಸೇರಿಸಿರುವುದರಿಂದ, ಅಳಿಸಿಹೋದ ಭಾಗವನ್ನು ಉಳಿದ ಭಾಗದಿಂದ ಲೆಕ್ಕಹಾಕಿ ಮರಳಿ ಪಡೆಯಬಹುದು. ಸುರುಳಿಯ ಗುಂಟ ಬಿದ್ದ ಉದ್ದನೆಯ ಗೀರಿನೆದುರಿಗೆ ಮಾತ್ರ ಈ ಸೂತ್ರವೂ ಸೋಲುತ್ತದೆ. ಆದುದರಿಂದಲೇ ತಟ್ಟೆಯನ್ನು ಒರೆಸುವಾಗ ಸುತ್ತುಸುತ್ತಾಗಿ ಒರೆಸಬಾರದು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು.

ಚಿತ್ರದ ತಟ್ಟೆಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಯಲ್ಲಿ, ಅಂದರೆ ವಿಡಿಯೋ ಸಿ.ಡಿ.ಯಲ್ಲಿ, ಒಂದು ತಟ್ಟೆಗೆ 74 ನಿಮಿಷಗಳ ಚಿತ್ರ ಮಾತ್ರ ಹಿಡಿಸುತ್ತಿದ್ದುದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರವೊಂದಕ್ಕೆ ಎರಡು ಮೂರು ತಟ್ಟೆಗಳು ಬೇಕಾಗುತ್ತಿದ್ದವು. ಆದರೂ ಅಗ್ಗವಾದುದರಿಂದ ಅದೇ ನಮ್ಮ ನಾಡಿನ ಮಧ್ಯಮವರ್ಗದ ಮನೆಗಳನ್ನು ತುಂಬಿತು. ಮೋಸರ್ ಬೇರ್ ಸಂಸ್ಥೆಯು ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಇಳಿಸಿ ಮಾರತೊಡಗಿದುದು ಈ ಯುಗದ ಉಚ್ಛ್ರಾಯ. 2018ರಲ್ಲಿ ಅದೇ ಸಂಸ್ಥೆಯು ಮುಚ್ಚಿಹೋದುದು ಅದರ ಅಂತ್ಯದ ಕುರುಹು. ಈ ಯುಗದಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಸೆವೆಂಟಿ ಎಂ.ಎಂ. ಎಂಬ ಸಂಸ್ಥೆಯು ಚಂದಾದಾರರ ಮನೆಬಾಗಿಲಿಗೆ ಡಿ.ವಿ.ಡಿ.ಗಳನ್ನು ತಲುಪಿಸಿ, ನೋಡಿಯಾದ ಮೇಲೆ ಮರಳಿ ಒಯ್ಯುವ ಏರ್ಪಾಟನ್ನು ಕೆಲಕಾಲ ನಡೆಸಿದ್ದಿತು. ಅಮೆರಿಕದಲ್ಲಿ ಇಂಥದೇ ಉದ್ಯಮದಿಂದ 1997ರಲ್ಲಿ ಆರಂಭವಾದ ನೆಟ್‌ಫ್ಲಿಕ್ಸ್ 2007ರಲ್ಲಿ ಅಂತರ್ಜಾಲದ ಮೂಲಕ ಚಿತ್ರ ಕಳುಹಿಸತೊಡಗಿ, 2016ರ ಜನವರಿಯಲ್ಲಿ ಭಾರತಕ್ಕೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಜಾಲ, ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಬಂದವು. ಒಂದೇ ವರ್ಷದಲ್ಲಿ ಕೂಡಿಬಂದ ಈ ಮೂರು ಘಟನೆಗಳು ನಮ್ಮ ಮನೆಗಳಲ್ಲಿ ತಟ್ಟೆಯ ಕಾಲವನ್ನು ಮುಗಿಸಿದುವೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಓ.ಟಿ.ಟಿ.ಯ ಒಳಗುಟ್ಟು: ಟಿ.ವಿ.ಯ ಹಿಂಬದಿಗೆ ಸಿಕ್ಕಿಸುವ ಹೆಬ್ಬೆರಳ ಗಾತ್ರದ ಫೈರ್ ಸ್ಟಿಕ್ಕಿನಂತಹ ಉಪಕರಣದೊಳಗೆ ಚಿತ್ರವಿರುವುದಿಲ್ಲ. ಚಿತ್ರವನ್ನು ಕೇಳಿ ಪಡೆಯುವ ಮತ್ತು ಬಿಡಿಸಿ ತೋರಿಸುವ ಶಕ್ತಿಯಷ್ಟೇ ಇರುತ್ತದೆ. ಸಂಸ್ಥೆಯವರು ಒಂದೇ ಚಿತ್ರವನ್ನು ಬೇರೆ ಬೇರೆ ಸ್ಪಷ್ಟತೆಗಳಲ್ಲಿ ಸಂಕುಚಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ನೋಡುವವರಿಗೆ ಆದಷ್ಟು ಸಮೀಪದ ಸರ್ವರುಗಳಲ್ಲಿ ಇರಿಸಿರುತ್ತಾರೆ. ಉಪಕರಣವು ಕ್ಷಣಕ್ಷಣಕ್ಕೂ ಜಾಲದ ವೇಗವನ್ನು ಅಳೆದು, ಮುಂದಿನ ತುಣುಕನ್ನು ಯಾವ ಸ್ಪಷ್ಟತೆಯಲ್ಲಿ ತರಿಸಬೇಕೆಂದು ನಿರ್ಧರಿಸುತ್ತದೆ. ಸಂಜೆ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳೂ ಒಟ್ಟಿಗೆ ಟಿ.ವಿ. ಹಾಕಿದಾಗ ನಟನ ಮುಖ ಇದ್ದಕ್ಕಿದ್ದಂತೆ ಮಸುಕಾಗುವುದು ಈ ನಿರ್ಧಾರದ ಪರಿಣಾಮವೇ ಆಗಿದೆ. ಮರಗಳಿಗೂ ಕಂಬಗಳಿಗೂ ತೂಗುಬಿದ್ದು ಬರುವ ನಮ್ಮ ಕೇಬಲ್ಲುಗಳು ಯಾವುದೋ ಗಾಳಿಮಳೆಯಲ್ಲಿ ತುಂಡಾದರಂತೂ ಚಿತ್ರವೇ ಇಲ್ಲ.

ಹೀಗಿದ್ದರೂ ಬೆಂಗಳೂರಿನ ಈ ಕೈಗಾರಿಕಾ ಪ್ರದೇಶಗಳ ಜನಜೀವನಕ್ಕೆ ಓ.ಟಿ.ಟಿ. ಒಗ್ಗಿರುವುದಕ್ಕೆ ಬಲವಾದ ಕಾರಣಗಳುಂಟು. ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದು, ಕೆಲಸ ಬದಲಾದಾಗ ಮಾರತ್ತಹಳ್ಳಿಯಿಂದ ಬೊಮ್ಮಸಂದ್ರಕ್ಕೆ ಸಾಮಾನು ಹೊತ್ತು ಹೋಗುವ ತರುಣ ದಂಪತಿಗಳು ತಟ್ಟೆಗಳ ಕಪಾಟನ್ನು ಕಟ್ಟಿಕೊಂಡು ಅಲೆಯಲಾರರು, ಪಿ.ಜಿ.ಯ ಕೋಣೆಯಲ್ಲಿ ಮೂರು ಮಂಚಗಳ ನಡುವೆ ಪ್ಲೇಯರಿಗೆ ಎಡೆಯಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕನಿಗೆ ಕೈಯಲ್ಲಿರುವ ಮೊಬೈಲೇ ಚಿತ್ರಮಂದಿರ. 2020ರ ಜುಲೈಯಲ್ಲಿ, ಚಿತ್ರಮಂದಿರಗಳೆಲ್ಲ ಮುಚ್ಚಿದ್ದಾಗ, ಪಿ.ಆರ್.ಕೆ. ಪ್ರೊಡಕ್ಷನ್ಸ್ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ನೇರವಾಗಿ ಮನೆಮನೆಗೆ ಬಂದುದನ್ನು ನೆನೆದರೆ ಈ ಮಾರ್ಗದ ಉಪಕಾರವನ್ನು ಅಲ್ಲಗಳೆಯಲಾಗದು.

ಇನ್ನು ಚಿತ್ರದ ಗುಣದ ಮಾತು. ಡಿ.ವಿ.ಡಿ.ಯ ಚಿತ್ರ 720ಕ್ಕೆ 576 ಚುಕ್ಕೆಗಳದು. ಒಳ್ಳೆಯ ಜಾಲವಿದ್ದಲ್ಲಿ ಓ.ಟಿ.ಟಿ.ಯ 1920ಕ್ಕೆ 1080 ಚುಕ್ಕೆಗಳ ಚಿತ್ರವು ಅದನ್ನು ನಿಸ್ಸಂದೇಹವಾಗಿ ಮೀರಿಸುತ್ತದೆ. ಆದರೆ ಬ್ಲೂ-ರೇಯ ಎದುರಿಗೆ ಲೆಕ್ಕ ತಿರುಗಿಬೀಳುತ್ತದೆ. 4ಕೆ ಚಿತ್ರ ನೋಡಲು ಸೆಕೆಂಡಿಗೆ 15 ಮೆಗಾಬಿಟ್ ವೇಗ ಸಾಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಸಾಧಾರಣ ಬ್ಲೂ-ರೇ ತಟ್ಟೆಯೇ ಚಿತ್ರಕ್ಕಾಗಿ 40 ಮೆಗಾಬಿಟ್‌ವರೆಗೆ ಒದಗಿಸಬಲ್ಲದು, 2016ರಲ್ಲಿ ಬಂದ 4ಕೆ ತಟ್ಟೆಯು ನೂರನ್ನೂ ದಾಟಬಲ್ಲದು. ಹಗಲ ಬೆಳಕಿನ ಸಂಭಾಷಣೆಯ ದೃಶ್ಯದಲ್ಲಿ ಈ ಅಂತರ ಎದ್ದುಕಾಣುವುದಿಲ್ಲ. ‘ಕಾಂತಾರ’ದ ಭೂತಕೋಲದಂತಹ, ಕತ್ತಲೆಯ ನಡುವೆ ಪಂಜಿನ ಬೆಳಕು ಆಡುವ ದೃಶ್ಯದಲ್ಲಿಯಾದರೋ, ಅತಿಯಾಗಿ ಸಂಕುಚಿಸಿದ ಚಿತ್ರದ ಕಪ್ಪು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಧ್ವನಿಯೂ ಅಷ್ಟೇ, ತಟ್ಟೆಯಲ್ಲಿ ಏನೂ ಕಳೆಯದೆ ಇರುವುದು ತಂತಿಯಲ್ಲಿ ಒಂದಿಷ್ಟು ಕಳೆದೇ ಬರುತ್ತದೆ. ಈ ಭೇದವನ್ನು ದೊಡ್ಡ ಪರದೆ, ಒಳ್ಳೆಯ ಸ್ಪೀಕರುಗಳಿದ್ದವರು ಮಾತ್ರ ಗಣಿಸಬೇಕು. ಚಿಕ್ಕ ಟಿ.ವಿ.ಯವರಿಗೆ ಅದಕ್ಕಾಗಿ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಎರಡು ಮಾರ್ಗಗಳ ನಿಜವಾದ ಭೇದವಿರುವುದು ಚುಕ್ಕೆಗಳ ಸಂಖ್ಯೆಯಲ್ಲಲ್ಲ, ಸ್ವಾಮ್ಯದಲ್ಲಿ. ಕೊಂಡ ತಟ್ಟೆ ನಿಮ್ಮದು; ಅದನ್ನು ನೆರೆಮನೆಯವರಿಗೆ ನೋಡಲು ಕೊಡಬಹುದು, ಮಗಳಿಗೆ ಬಿಟ್ಟುಹೋಗಬಹುದು. ಚಂದಾ ಕಟ್ಟಿದವರಿಗೆ ದೊರೆಯುವುದು ನೋಡುವ ಅನುಮತಿ ಮಾತ್ರ. ಒಪ್ಪಂದದ ಅವಧಿ ತೀರಿದೊಡನೆ ಚಿತ್ರ ಪಟ್ಟಿಯಿಂದ ಮಾಯವಾಗುವುದುಂಟು. ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿ ಪಡೆದುದೂ ಪರವಾನಗಿಯೇ ಹೊರತು ಸ್ವತ್ತಲ್ಲವೆಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2025ರ ಜನವರಿಯಿಂದ ಕಾನೂನನ್ನೇ ಜಾರಿಗೊಳಿಸಿದೆ. ತಟ್ಟೆಗೂ ಬೇಲಿಗಳಿಲ್ಲದೆ ಇಲ್ಲ: ಡಿ.ವಿ.ಡಿ.ಗಳಿಗೆ ಪ್ರದೇಶಸಂಖ್ಯೆಗಳಿದ್ದು ಅಮೆರಿಕದ್ದು 1, ನಮ್ಮದು 5 ಆಗಿರುವುದರಿಂದ, ಅಲ್ಲಿ ಬಾಳಿ ವೈಟ್‌ಫೀಲ್ಡಿಗೆ ಮರಳಿದ ಕುಟುಂಬಗಳು ತಂದ ತಟ್ಟೆಗಳು ಇಲ್ಲಿನ ಸಾಧಾರಣ ಪ್ಲೇಯರಿನಲ್ಲಿ ಓಡುವುದಿಲ್ಲ.

ಕನ್ನಡದ ಮಟ್ಟಿಗೆ ಈ ಸ್ವಾಮ್ಯದ ಪ್ರಶ್ನೆ ಇನ್ನೂ ಗಂಭೀರವಾದದ್ದು. ಯಾವ ಚಿತ್ರ ಇರಬೇಕು, ಯಾವುದು ಬೇಡವೆಂಬುದನ್ನು ನಿರ್ಧರಿಸುವ ದೊಡ್ಡ ಸಂಸ್ಥೆಗಳು ನಮ್ಮ ಭಾಷೆಗೆ ಮೀಸಲಾದವಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಅರ್ಪಿಸಿದ ‘ಏಕಂ’ ಎಂಬ ಸರಣಿಯು 2024ರ ಜುಲೈಯಲ್ಲಿ, ದೊಡ್ಡ ಓ.ಟಿ.ಟಿ.ಗಳಲ್ಲಿ ಎಡೆ ದೊರೆಯದೆ, ತನ್ನದೇ ಜಾಲತಾಣವನ್ನು ಕಟ್ಟಿಕೊಂಡು ನೋಡುಗರೆದುರಿಗೆ ಬರಬೇಕಾಯಿತು. ಹೊಸ ಕೃತಿಯ ಪಾಡೇ ಹೀಗಿರುವಾಗ ಹಳೆಯ ಚಿತ್ರಗಳನ್ನು ಯಾರು ಕೇಳಬೇಕು? 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಉಳಿದಿಲ್ಲವೆಂಬ ದುಃಖವು ನಮಗೆ ಒಂದು ಸಲಕ್ಕೆ ಸಾಕು. ಮನೆಯ ಅಟ್ಟದ ಮೇಲಿರುವ ವಿ.ಸಿ.ಡಿ. ಪೆಟ್ಟಿಗೆಯಲ್ಲಿ ಈಗ ಯಾವ ಓ.ಟಿ.ಟಿ.ಯಲ್ಲಿಯೂ ಸಿಗದ ಕನ್ನಡ ಚಿತ್ರ ಇದ್ದರೂ ಇರಬಹುದು. ಅದು ಮಸುಕಾದ ಪ್ರತಿಯೇ ಆದರೂ ಪ್ರತಿಯೇ. ಭಾರತದ ಕೃತಿಸ್ವಾಮ್ಯದ ಕಾನೂನಿನಂತೆ ಚಲಚ್ಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆಯಾಗಿ, 1954ರ ‘ಬೇಡರ ಕಣ್ಣಪ್ಪ’ದಂತಹ ಚಿತ್ರಗಳು ಈಗಾಗಲೇ ಸಾರ್ವಜನಿಕರ ಸೊತ್ತಾಗಿವೆ, ಅಂಥವನ್ನು ಯಾರು ಬೇಕಾದರೂ ಪ್ರತಿ ಮಾಡಿ ಉಳಿಸಬಹುದು.

ನನ್ನ ನಿರ್ಣಯ ಇದು: ದಿನನಿತ್ಯದ ನೋಟಕ್ಕೆ ತಂತಿಯ ಚಿತ್ರ ಸಾಕು, ಮತ್ತೆ ಮತ್ತೆ ನೋಡಬೇಕೆನಿಸುವ, ಮಕ್ಕಳಿಗೆ ತೋರಿಸಬೇಕೆನಿಸುವ ಚಿತ್ರದ ತಟ್ಟೆ ಸಿಕ್ಕಿದರೆ ಕೊಂಡು ಇಟ್ಟುಕೊಳ್ಳುವುದು ವಿವೇಕ. ತಟ್ಟೆಗಳನ್ನು ಬಿಸಿಲು ತಾಗದ ಒಣ ಜಾಗದಲ್ಲಿ ನಿಲ್ಲಿಸಿ ಇಡಬೇಕು. ಕೆಟ್ಟ ಪ್ಲೇಯರನ್ನು ಕಸಕ್ಕೆ ಎಸೆಯದೆ, ಪೀಣ್ಯದಿಂದ ಮುಂದೆ ದಾಬಸ್‌ಪೇಟೆಯಲ್ಲಿರುವ ಇ-ಪರಿಸರದಂತಹ ಅಧಿಕೃತ ಸಂಸ್ಥೆಗೆ ಸೇರಿಸಬೇಕು.

ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ಇರುವ ತಟ್ಟೆಗಳ ಮಾತು ಮಾತ್ರ ಬೇರೆ. ಅಂಗಡಿಯ ಸಿನಿಮಾ ತಟ್ಟೆ ಅಚ್ಚಿನಲ್ಲಿ ಒತ್ತಿದುದು. ಸ್ಟುಡಿಯೋದವರು ಕೊಟ್ಟದ್ದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದದ್ದು, ಅಂದರೆ ರೈಟ್ ಮಾಡಿದ ಸಿ.ಡಿ. ಅಥವಾ ಡಿ.ವಿ.ಡಿ. ಆ ಬಣ್ಣ ಬಿಸಿಗೂ ಬೆಳಕಿಗೂ ವರ್ಷಗಳು ಕಳೆದಂತೆ ತಾನೇ ಕೆಡುತ್ತದೆ. ಗೀರೊಂದೂ ಇಲ್ಲದ ತಟ್ಟೆಯೂ ಒಂದು ದಿನ ಓದಲು ಬಾರದಾಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇಲ್ಲವಾದರೂ ಯು.ಎಸ್.ಬಿ.ಗೆ ಜೋಡಿಸುವ ಡಿ.ವಿ.ಡಿ. ಡ್ರೈವ್ ಇನ್ನೂ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತದೆ. ಓದುಗರು ದಯವಿಟ್ಟು ಈ ವರ್ಷವೇ ಆ ತಟ್ಟೆಗಳನ್ನು ಹೊರತೆಗೆದು, ಹಾರ್ಡ್ ಡಿಸ್ಕಿಗೆ ಒಂದು, ಬೇರೊಂದು ಮನೆಯಲ್ಲಿಡಲು ಇನ್ನೊಂದು, ಹೀಗೆ ಎರಡು ಪ್ರತಿ ಮಾಡಿಸಿಟ್ಟುಕೊಳ್ಳಬೇಕು.