ಉಪ್ಪು, ಮೂತ್ರಪಿಂಡ ಮತ್ತು ಡೋಪಮೈನ್

ರಕ್ತದೊತ್ತಡ ಎಂದೊಡನೆ ನಮಗೆ ಹೃದಯ ನೆನಪಾಗುತ್ತದೆ. ಡೋಪಮೈನ್ ಎಂದರೆ ಮಿದುಳು. ಇವೆರಡೂ ಮೂತ್ರಪಿಂಡದಲ್ಲಿ ಸಂಧಿಸುತ್ತವೆ ಎಂಬುದು ನನಗೆ ಇಂದಿಗೂ ವಿಸ್ಮಯ. ಅಲ್ಲಿನ ಸೂಕ್ಷ್ಮನಾಳಗಳ ಜೀವಕೋಶಗಳು ಡೋಪಮೈನನ್ನು ತಾವೇ ತಯಾರಿಸುತ್ತವೆ. ಊಟದಲ್ಲಿ ಉಪ್ಪು ಹೆಚ್ಚಾದಾಗ ಅದು ಡಿ1 ಗ್ರಾಹಕಗಳ ಮೂಲಕ, ಸೋಡಿಯಂ ರಕ್ತಕ್ಕೆ ಮರಳುವುದನ್ನು ತಗ್ಗಿಸುತ್ತದೆ. ಹೆಚ್ಚುವರಿ ಉಪ್ಪು ಮೂತ್ರದೊಡನೆ ಹೊರಹೋಗುತ್ತದೆ.

ಕೆಲವರಲ್ಲಿ ಗ್ರಾಹಕವಿದ್ದರೂ ಅದರ ಸಂದೇಶ ಜೀವಕೋಶದೊಳಗೆ ಸರಿಯಾಗಿ ತಲುಪದು. ಜಿಆರ್‌ಕೆ4 ಎಂಬ ವಂಶವಾಹಿಯ ಕೆಲವು ರೂಪಗಳಿಗೂ ಈ ದೋಷಕ್ಕೂ ನಂಟಿರುವುದನ್ನು ರಾಬಿನ್ ಫೆಲ್ಡರ್, ಪೆಡ್ರೊ ಹೋಸೆ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಆಗ ಉಪ್ಪು ದೇಹದಲ್ಲೇ ಉಳಿಯುತ್ತದೆ, ಜೊತೆಗೆ ನೀರೂ, ಒತ್ತಡ ಏರುತ್ತದೆ.

ಒಂದೇ ಪಂಕ್ತಿಯಲ್ಲಿ ಒಂದೇ ಉಪ್ಪಿನಕಾಯಿ ಉಂಡವರಲ್ಲಿ ಒಬ್ಬರಿಗಷ್ಟೇ ಬಿಪಿ ಬರಲು ಇದೂ ಒಂದು ಕಾರಣ. ಹೀಗಿರುವಾಗ ರೋಗಿಯ ಬಾಯಿಚಪಲವನ್ನಷ್ಟೇ ದೂರುವುದು ಅನ್ಯಾಯವೆಂದೇ ನನ್ನ ಭಾವನೆ. ಯಾರ ಮೂತ್ರಪಿಂಡ ಉಪ್ಪನ್ನು ಹಿಡಿದಿಡುತ್ತದೆಂಬುದು ಹೊರನೋಟಕ್ಕೆ ಕಾಣದು. ಆದ್ದರಿಂದ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಲ್ಲರಿಗೂ ಅನ್ವಯಿಸುತ್ತದೆ. ಬೇಕರಿ, ಹೋಟೆಲು, ಪೊಟ್ಟಣದ ತಿನಿಸುಗಳಲ್ಲಿ ಉಪ್ಪು ಇಳಿಸುವ ಹೊಣೆಯನ್ನು ತಯಾರಕರೂ ಸರ್ಕಾರವೂ ಹೊರಬೇಕು.