ರೋಗಿಯ ದನಿಗೆ ಬಂಡವಾಳ ಯಾರದು? ಬ್ರಿಟನ್ನಿನ ಅರ್ಧ ಶತಮಾನದ ಅನುಭವ

ಅಂಗಡಿಯ ಸರಕು ಸರಿಯಿಲ್ಲದಿದ್ದರೆ ಗ್ರಾಹಕನು ಮಾರನೆಯ ದಿನ ಎದುರಿನ ಅಂಗಡಿಗೆ ಹೋಗುತ್ತಾನೆ. ಅವನ ಅಸಮಾಧಾನವನ್ನು ವರ್ತಕನಿಗೆ ಬೇರೆ ಯಾರೂ ತಿಳಿಸಬೇಕಾಗಿಲ್ಲ, ಗಲ್ಲಾಪೆಟ್ಟಿಗೆಯೇ ತಿಳಿಸುತ್ತದೆ. 1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಈ ಅನುಕೂಲವಿಲ್ಲ. ಅದರ ವೆಚ್ಚವನ್ನು ಬಹುಮಟ್ಟಿಗೆ ತೆರಿಗೆಯಿಂದಲೇ ಭರಿಸಲಾಗುತ್ತಿದ್ದು, ಆಸ್ಪತ್ರೆಯ ಚಿಕಿತ್ಸೆಗೆ ರೋಗಿಯು ಹಣ ತೆರಬೇಕಾಗಿಲ್ಲ. ಬಡವರ ಪಾಲಿಗೆ ಇದೊಂದು ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣ ಎಣಿಸಿ ಕೊಡದ, ಬೇರೆಡೆಗೆ ಸುಲಭವಾಗಿ ಹೋಗಲಾಗದ ಗ್ರಾಹಕನ ದೂರನ್ನು ಆಡಳಿತಕ್ಕೆ ತಲುಪಿಸುವವರು ಯಾರು?

ಈ ಪ್ರಶ್ನೆಗೆ ಉತ್ತರವಾಗಿ 1974ರಲ್ಲಿ ಸಮುದಾಯ ಆರೋಗ್ಯ ಮಂಡಳಿಗಳು ಅಸ್ತಿತ್ವಕ್ಕೆ ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು ಇನ್ನೂರು ಮಂಡಳಿಗಳು ಸ್ಥಾಪಿತವಾದವು. ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಸ್ಥಳೀಯ ಸಂಸ್ಥೆಗಳೂ, ಮೂರನೆಯ ಒಂದು ಭಾಗವನ್ನು ಸ್ವಯಂಸೇವಾ ಸಂಘಗಳೂ ನೇಮಿಸುತ್ತಿದ್ದವು. ಸಂಬಳದ ಸಿಬ್ಬಂದಿ ಎಂದರೆ ಸಾಮಾನ್ಯವಾಗಿ ಒಬ್ಬ ಕಾರ್ಯದರ್ಶಿ, ಒಬ್ಬಿಬ್ಬರು ಸಹಾಯಕರು. ಹಲವು ಮಂಡಳಿಗಳು ಪೇಟೆಬೀದಿಯ ಮಳಿಗೆಗಳಲ್ಲೇ ಕಚೇರಿ ತೆರೆದದ್ದು ಜಾಣತನದ ಕ್ರಮ; ಸಂತೆಗೆ ಬಂದವರು ಹಾದಿಯಲ್ಲೇ ಒಳಹೊಕ್ಕು ದೂರು ಹೇಳಬಹುದಾಗಿತ್ತು.

ಬಂಡವಾಳ ಅಲ್ಪವಾದರೂ ಮಂಡಳಿಯ ಕೈಯಲ್ಲಿ ಒಂದು ಗಟ್ಟಿ ಅಸ್ತ್ರವಿತ್ತು. ಆಸ್ಪತ್ರೆಯೊಂದನ್ನು ಮುಚ್ಚುವ ಪ್ರಸ್ತಾವಕ್ಕೆ ಮಂಡಳಿಯು ವಿಧಿವತ್ತಾಗಿ ಆಕ್ಷೇಪಿಸಿದರೆ, ಸ್ಥಳೀಯ ಅಧಿಕಾರಿಗಳು ತಾವೇ ಮುಂದುವರಿಯುವಂತಿರಲಿಲ್ಲ. ಕಡತವು ಸಚಿವರ ಮೇಜಿಗೇ ಹೋಗಬೇಕಾಗಿತ್ತು. ಆಡಳಿತಗಾರರಿಗೆ ಇದು ಹಿಡಿಸದಿದ್ದುದು ಸಹಜ. ಎಲ್ಲ ಮಂಡಳಿಗಳೂ ಸಮನಾಗಿ ದಕ್ಷವಾಗಿರಲಿಲ್ಲ ಎಂಬ ಟೀಕೆಯಲ್ಲಿಯೂ ಹುರುಳಿತ್ತು. ಇವನ್ನು ರದ್ದುಪಡಿಸುವುದಾಗಿ 2000ನೇ ಇಸವಿಯಲ್ಲಿ ಸರ್ಕಾರವು ಪ್ರಕಟಿಸಿ, 2003ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮಂಡಳಿಗಳ ಬಾಗಿಲು ಮುಚ್ಚಿತು.

ಅನಂತರದ ಕಥೆ ಫಲಕ ಬದಲಾಯಿಸುವ ಅಂಗಡಿಯಂತಿದೆ. ಪ್ರತಿಯೊಂದು ಆಸ್ಪತ್ರೆ ಸಂಸ್ಥೆಗೂ ರೋಗಿಗಳ ವೇದಿಕೆಯೊಂದನ್ನು ರಚಿಸಲಾಯಿತು. ಅವುಗಳ ಮೇಲ್ವಿಚಾರಣೆಗೆ 2003ರ ಆರಂಭದಲ್ಲಿ ರೂಪುಗೊಂಡ ಆಯೋಗವನ್ನು ರದ್ದುಗೊಳಿಸುವ ನಿರ್ಧಾರವು 2004ರಲ್ಲೇ ಹೊರಬಿದ್ದಿತು. 2008ರಲ್ಲಿ ವೇದಿಕೆಗಳೂ ಹೋಗಿ ಸ್ಥಳೀಯ ಜಾಲಗಳು ಬಂದವು.

ಈ ಅಸ್ಥಿರತೆಯ ಬೆಲೆ ಏನೆಂಬುದನ್ನು ತೋರಿಸಿದ್ದು ಸ್ಟಾಫರ್ಡ್ ಪಟ್ಟಣದ ಆಸ್ಪತ್ರೆ. 2005ರಿಂದ 2009ರ ಅವಧಿಯಲ್ಲಿ ಅಲ್ಲಿನ ಕೆಲವು ವಾರ್ಡುಗಳಲ್ಲಿ ವೃದ್ಧ ರೋಗಿಗಳಿಗೆ ಕುಡಿಯುವ ನೀರನ್ನೂ ಕೈಗೆಟುಕಿಸದ, ಮಲಿನ ಹಾಸಿಗೆಯಲ್ಲೇ ಮಲಗಿಸಿಟ್ಟ ಪ್ರಸಂಗಗಳು ನಡೆದವು. ಆ ಹೊತ್ತಿನಲ್ಲಿ ರೋಗಿಗಳ ಅಧಿಕೃತ ವೇದಿಕೆಯು ಒಳಜಗಳದಲ್ಲಿ, ಸಭಾನಿಯಮಗಳ ಚರ್ಚೆಯಲ್ಲಿ ಮುಳುಗಿತ್ತು. ದನಿಯೆತ್ತಿದ್ದು ಒಬ್ಬ ಚಿಕ್ಕ ವ್ಯಾಪಾರಸ್ಥೆ. ಪಟ್ಟಣದಲ್ಲಿ ಕೆಫೆ ನಡೆಸುತ್ತಿದ್ದ ಜೂಲಿ ಬೈಲಿ 2007ರಲ್ಲಿ ಅದೇ ಆಸ್ಪತ್ರೆಯಲ್ಲಿ ತಾಯಿಯನ್ನು ಕಳೆದುಕೊಂಡು, ತಮ್ಮಂತೆಯೇ ನೊಂದ ಕುಟುಂಬಗಳನ್ನು ಆ ಕೆಫೆಯಲ್ಲೇ ಒಟ್ಟುಗೂಡಿಸಿದರು. ಅವರ ಹೋರಾಟದ ಒತ್ತಡವೂ ಸೇರಿ ಕೊನೆಗೆ ಸಾರ್ವಜನಿಕ ವಿಚಾರಣೆ ನಡೆಯಿತು. ಆದರೆ ಆಸ್ಪತ್ರೆಯೇ ಮುಚ್ಚಿಹೋದೀತೆಂದು ಹೆದರಿದ ಊರಿನ ಕೆಲವರು ಅವರ ಮೇಲೆ ತಿರುಗಿಬಿದ್ದರು. 2013ರಲ್ಲಿ ಅವರು ಕೆಫೆಯನ್ನು ಬಿಟ್ಟು ಊರನ್ನೇ ತೊರೆಯಬೇಕಾಯಿತು. ಸಂಸ್ಥೆಯೊಂದು ಹೊರಬೇಕಾದ ಹೊರೆಯನ್ನು ಒಬ್ಬ ವ್ಯಕ್ತಿ ಹೊತ್ತಾಗ ಆಗುವುದು ಇದೇ.

ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿಯು ಅದೇ ವರ್ಷದ ಫೆಬ್ರವರಿಯಲ್ಲಿ 290 ಶಿಫಾರಸುಗಳೊಂದಿಗೆ ಪ್ರಕಟವಾಯಿತು. ಹಳೆಯ ಮಂಡಳಿಗಳ ಸ್ಥಾನದಲ್ಲಿ ಬಂದ ವ್ಯವಸ್ಥೆಗಳು ರೋಗಿಯ ದನಿಯನ್ನು ಬಲಪಡಿಸುವ ಬದಲು ಕುಗ್ಗಿಸಿದವೆಂದು ಅದು ನೇರವಾಗಿ ಹೇಳಿತು.

ಆ ವೇಳೆಗೆ ಹೆಲ್ತ್‌ವಾಚ್ ಎಂಬ ಹೊಸ ಸಂಸ್ಥೆ ಸಿದ್ಧವಾಗಿತ್ತು. 2012ರ ಕಾಯಿದೆಯನ್ವಯ 2013ರ ಏಪ್ರಿಲ್‌ನಿಂದ 150ಕ್ಕೂ ಹೆಚ್ಚು ಸ್ಥಳೀಯ ಘಟಕಗಳು ಕೆಲಸ ಆರಂಭಿಸಿದವು. ಆಸ್ಪತ್ರೆಗಳಷ್ಟೇ ಅಲ್ಲದೆ ವೃದ್ಧರ ಆರೈಕೆ ಗೃಹಗಳನ್ನೂ ಒಳಹೊಕ್ಕು ನೋಡುವ ಅಧಿಕಾರ ಅವುಗಳಿಗೆ ಲಭಿಸಿತು. ಆದರೆ ಹಣಕಾಸಿನ ಏರ್ಪಾಡಿನಲ್ಲಿ ವಾಣಿಜ್ಯ ಬಲ್ಲವರ ಹುಬ್ಬೇರಿಸುವ ಅಂಶವೊಂದಿದೆ. ಘಟಕವನ್ನು ನಡೆಸುವ ಗುತ್ತಿಗೆ ನೀಡುವುದು ಸ್ಥಳೀಯ ಪುರಸಭೆ. ಆರೈಕೆ ಗೃಹಗಳ ಸೇವೆಯನ್ನು ಕೊಳ್ಳುವುದೂ ಅದೇ ಪುರಸಭೆ. ಲೆಕ್ಕ ಪರಿಶೋಧಕನ ಶುಲ್ಕವನ್ನು ಪರಿಶೋಧನೆಗೆ ಒಳಗಾಗುವವನೇ ಗೊತ್ತುಪಡಿಸಿದಂತೆ! ಈ ಹಣವನ್ನು ಬೇರೆ ಬಾಬ್ತಿಗೆ ಬಳಸಬಾರದೆಂಬ ನಿರ್ಬಂಧವೂ ಇರಲಿಲ್ಲ. 2013-14ರಲ್ಲಿ 4.05 ಕೋಟಿ ಪೌಂಡ್ ಇದ್ದ ಸ್ಥಳೀಯ ಘಟಕಗಳ ಅನುದಾನವು ಹತ್ತು ವರ್ಷಗಳಲ್ಲಿ ಸುಮಾರು 2.5 ಕೋಟಿಗೆ ಇಳಿಯಿತು. ಬೆಲೆಯೇರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಡಿತವು ಇನ್ನೂ ತೀವ್ರ.

2025ರ ಜುಲೈನಲ್ಲಿ ಹೆಲ್ತ್‌ವಾಚನ್ನೂ ರದ್ದುಪಡಿಸುವ ಉದ್ದೇಶವನ್ನು ಬ್ರಿಟಿಷ್ ಸರ್ಕಾರವು ಪ್ರಕಟಿಸಿತು. ಇದಕ್ಕೆ ಹೊಸ ಶಾಸನ ಬೇಕು. ಯೋಜನೆಯ ಪ್ರಕಾರ ರಾಷ್ಟ್ರಮಟ್ಟದ ಕೆಲಸವು ಆರೋಗ್ಯ ಇಲಾಖೆಯ ಒಳಗಿನ ನಿರ್ದೇಶನಾಲಯಕ್ಕೂ, ಸ್ಥಳೀಯ ಕೆಲಸವು ಆರೋಗ್ಯ ಸೇವೆಯನ್ನು ಖರೀದಿಸುವ ಮಂಡಲಿಗಳಿಗೂ ಪುರಸಭೆಗಳಿಗೂ ಸೇರಲಿದೆ. ಸಂಸ್ಥೆಗಳ ಸಂಖ್ಯೆ ತಗ್ಗಿ ಹೊಣೆ ಸ್ಪಷ್ಟವಾಗುವುದೆಂಬುದು ಸರ್ಕಾರದ ವಾದ. ದೂರು ಕೇಳುವ ಕಿವಿ ಮತ್ತು ದೂರಿಗೆ ಗುರಿಯಾದ ಕೈ ಒಂದೇ ದೇಹದಲ್ಲಿದ್ದರೆ ಕಿವಿಗೆ ಎಷ್ಟು ಕೇಳಿಸೀತು ಎಂಬ ಸಂಶಯಕ್ಕೆ ಈ ವಾದದಲ್ಲಿ ಸಮಾಧಾನವಿಲ್ಲ.

ನೆರೆಯ ವೇಲ್ಸ್ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡ್ ಕೈಬಿಟ್ಟ ಮಂಡಳಿಗಳನ್ನು ಅದು ಇನ್ನೂ ಎರಡು ದಶಕ ಉಳಿಸಿಕೊಂಡು, 2023ರ ಏಪ್ರಿಲ್‌ನಲ್ಲಿ ಅವುಗಳ ಸ್ಥಾನದಲ್ಲಿ ಇಡೀ ವೇಲ್ಸ್‌ಗೆ ಒಂದೇ ಶಾಸನಬದ್ಧ ಸಂಸ್ಥೆಯನ್ನು ಸ್ಥಾಪಿಸಿತು. ಇದರ ಹಣ ಪುರಸಭೆಗಳ ಕೈ ದಾಟಿ ಬರುವುದಿಲ್ಲ. ವೇಲ್ಸ್ ಸರ್ಕಾರದಿಂದಲೇ ಬರುತ್ತದೆ. ಆರೋಗ್ಯದೊಂದಿಗೆ ಸಾಮಾಜಿಕ ಆರೈಕೆಯೂ ಇದರ ವ್ಯಾಪ್ತಿಗೆ ಸೇರಿದ್ದು, ಇದು ಸಲ್ಲಿಸುವ ಅಹವಾಲುಗಳನ್ನು ಆರೋಗ್ಯ ಸಂಸ್ಥೆಗಳೂ ಪುರಸಭೆಗಳೂ ಗಣನೆಗೆ ತೆಗೆದುಕೊಳ್ಳಲೇಬೇಕೆಂದು ಕಾಯಿದೆ ವಿಧಿಸುತ್ತದೆ. ಸಂಸ್ಥೆಯ ಹೆಸರು ‘ಲೈಸ್’. ವೆಲ್ಷ್ ಭಾಷೆಯಲ್ಲಿ ದನಿ ಎಂದರ್ಥ.